ಚುಕ್ಕಿ ಬೀಳದ ವಾರ

ಕೊತ್ತಂಬರಿ ಸೊಪ್ಪನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಅದ್ದಿಟ್ಟರೆ ಒಂದು ವಾಸನೆ ಬರುತ್ತದೆ. ಹುಳಿಯೂ ಹೌದು, ಹಸಿಯೂ ಹೌದು. ಮೊನ್ನೆ ಭಾನುವಾರ ಕೊಲ್ಲಿ ದೇಶದ ಅಲ್ ಕುಸೈಸ್‌ನ ನಮ್ಮ ಫ್ಲ್ಯಾಟಿನಲ್ಲಿ ಕೋಳಿ ಸಾರಿಗೆಂದು ಸೊಪ್ಪು ತೊಳೆಯುತ್ತಿದ್ದೆ. ಒಂದೊಂದೇ ಎಸಳನ್ನು ಟ್ಯೂಬ್‌ಲೈಟಿಗೆ ಹಿಡಿದು, ತಿರುಗಿಸಿ, ಹುಳ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪಕ್ಕಕ್ಕಿಡುತ್ತಿದ್ದೆ. ಮಗಳು ರಿಯೋನಾ ಬಾಗಿಲಲ್ಲಿ ನಿಂತು ನೋಡಿದಳು. “ಮಮ್ಮಾ, ಇಟ್ಸ್ ಜಸ್ಟ್ ಕೊರಿಯಾಂಡರ್. ಯು ಆರ್ ನಾಟ್ ಡೂಯಿಂಗ್ ಸರ್ಜರಿ,” ಎಂದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮೂರು ವರ್ಷದ ಹಿಂದಿನ ಒಂದು ಬೇಸಿಗೆ ಆ ಪಾತ್ರೆಯೊಳಗಿಂದ ಎದ್ದು ಬಂತು.

ಆ ವರ್ಷ ರಿಯೋನಾ ಹತ್ತನೇ ಕ್ಲಾಸು. ನನ್ನ ಗಂಡ ಎಲಿಯಾಸ್‌ಗೆ ಜೆಬೆಲ್ ಅಲಿಯ ಗೋದಾಮಿನ ಕೆಲಸ ಹೋಗಿ ಆರು ತಿಂಗಳಾಗಿತ್ತು. ಅವನೂ ಮಗಳೂ ಇಬ್ಬರೂ ನನ್ನ ವೀಸಾದ ಮೇಲೆ ಇದ್ದರು. ನನ್ನ ಕೆಲಸ ಹೋದರೆ ಮೂವರೂ ಗಂಟುಮೂಟೆ ಕಟ್ಟಿ ಊರಿಗೆ, ಶಿರ್ವಕ್ಕೆ ವಾಪಸು. ಬೋರ್ಡ್ ಪರೀಕ್ಷೆಗೆ ಮಗಳ ಹೆಸರು ಇಲ್ಲಿಂದಲೇ ಹೋಗಿತ್ತು. ನಡುವೆ ಎದ್ದು ಹೋದರೆ ಅವಳ ಒಂದು ವರ್ಷ ಮಣ್ಣುಪಾಲು. ಇಷ್ಟು ಸಾಲದೆಂಬಂತೆ ನನ್ನ ಫೈಲಿನಲ್ಲಿ ಎರಡು ವಾರ್ನಿಂಗ್ ಲೆಟರ್ ಬೇರೆ. ಎರಡೂ ನನ್ನ ಬಾಯಿಯ ದೆಸೆಯಿಂದ. ಒಂದು ಮ್ಯಾನೇಜರಿಗೆ ಎದುರುತ್ತರ ಕೊಟ್ಟದ್ದಕ್ಕೆ, ಇನ್ನೊಂದು ಪಾತ್ರೆ ತೊಳೆಯುವವನಿಗೆ ಬೈದದ್ದಕ್ಕೆ. ಮೂರನೆಯದು ಬಂದರೆ ಖಲಾಸ್.

ನಾನು ಹೋಟೆಲೊಂದರ ಅಡುಗೆಮನೆಯಲ್ಲಿ ಶುಚಿತ್ವ ನೋಡಿಕೊಳ್ಳುವ ಸೂಪರ್‌ವೈಸರ್. ಆ ವರ್ಷ ಹೋಟೆಲಿನವರು ಯಹೂದಿ ಅತಿಥಿಗಳಿಗೆಂದು ಅವರ ಧರ್ಮದ ನಿಯಮದಂತೆ ನಡೆಯುವ ಬೇರೆಯೇ ಅಡುಗೆಮನೆಯನ್ನು ನೆಲಮಾಳಿಗೆಯಲ್ಲಿ ತೆರೆದರು. ನನ್ನನ್ನು ಅಲ್ಲಿಗೆ ಹಾಕಿದರು. ಕಿಟಕಿ ಇಲ್ಲ. ಬಾಗಿಲಿಗೆ ಎರಡು ಬೀಗ, ಒಂದರ ಕೀಲಿ ಹೋಟೆಲಿನದು, ಇನ್ನೊಂದರದು ಆ ನಿಯಮ ಕಾಯಲೆಂದೇ ಬಂದ ಯಹೂದಿ ಮೇಲ್ವಿಚಾರಕರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಬಿಸಿಲು ಕಂಡದ್ದು ಸ್ಟಾಫ್ ಬಸ್ಸಿನ ಕಿಟಕಿಯಲ್ಲಿ ಮಾತ್ರ, ಅದೂ ಪರದೆಯ ಸಂದಿಯಲ್ಲಿ. ಬಸ್ಸು ಇಳಿದು ಮನೆಗೆ ಬಂದರೆ ಒಂದೇ ಕೋಣೆ. ಅದರಲ್ಲಿ ಒಂದು ಮೂಲೆಯಲ್ಲಿ ಗಣಿತ, ಇನ್ನೊಂದು ಮೂಲೆಯಲ್ಲಿ ಫೋನು ಹಿಡಿದು ಕೆಲಸ ಹುಡುಕುವ ಗಂಡ. ಉಸಿರು ಬಿಡುವುದಕ್ಕೂ ಜಾಗ ಕೇಳಬೇಕಿತ್ತು.

ಮೇಲ್ವಿಚಾರಕರು ದಕ್ಷಿಣ ಆಫ್ರಿಕಾದಿಂದ ಬಂದ ಅರವತ್ತು ದಾಟಿದ ಮನುಷ್ಯ. ಹೆಸರು ಎಲಿ. ಎಲ್ಲರೂ ರಬ್ಬಿ, ಅಂದರೆ ಧರ್ಮಗುರು, ಎಂದು ಕರೆದರೆ “ನಾನು ರಬ್ಬಿಯಲ್ಲ, ಸೊಪ್ಪು ನೋಡುವವನು,” ಎನ್ನುತ್ತಿದ್ದರು. ನಾನು ಎಲಿ ಸರ್ ಎನ್ನುತ್ತಿದ್ದೆ. ಮೊಟ್ಟೆಯನ್ನು ಒಂದೊಂದಾಗಿ ಗಾಜಿನ ಲೋಟಕ್ಕೆ ಒಡೆದು ರಕ್ತದ ಕಲೆ ಇದೆಯೇ ನೋಡಬೇಕು. ಸೊಪ್ಪನ್ನು ಎಲೆ ಎಲೆಯಾಗಿ ಬೆಳಕಿಗೆ ಹಿಡಿಯಬೇಕು. ಹಾಲಿನ ಸೌಟು ಮಾಂಸದ ಹತ್ತಿರ ಸುಳಿಯಬಾರದು. ಎಲ್ಲಕ್ಕಿಂತ ಮುಖ್ಯ, ಬೆಂಕಿ. ಒಲೆಯನ್ನು ಅವರೇ ಹೊತ್ತಿಸಬೇಕು. ಬೆಳಿಗ್ಗೆ ಬಂದು ಮೂಲೆಯ ಒಂದು ಸಣ್ಣ ಬರ್ನರ್ ಹೊತ್ತಿಸಿಡುತ್ತಿದ್ದರು. ಉಳಿದ ಒಲೆಗಳಿಗೆ ನಾವು ಅದರಿಂದಲೇ ಬೆಂಕಿ ತೆಗೆದುಕೊಳ್ಳಬೇಕು. ಬೇರೆಯವರು ಹೊಸದಾಗಿ ಹೊತ್ತಿಸಿದ ಬೆಂಕಿಯಲ್ಲಿ ಬೆಂದ ಅನ್ನ ಅವರ ಜನಕ್ಕೆ ಆಗುವುದಿಲ್ಲ.

ಅಲ್ಲಿ ಸೊಪ್ಪು ತರಕಾರಿಯ ಕುಕ್ ವಸಂತ. ಕಟಪಾಡಿಯ ಕಡೆಯವನು, ನಲವತ್ತರ ಗಂಡಸು, ಮೀಸೆಯಲ್ಲಿ ಎರಡು ಬಿಳಿ ಕೂದಲು. ಹದಿನಾಲ್ಕು ವರ್ಷ ತರಕಾರಿ ಕೊಚ್ಚಿದ ಮೇಲೆ ಆ ಸಲ ಅವನ ಹೆಸರು ಪ್ರಮೋಷನ್ ಪಟ್ಟಿಯಲ್ಲಿ ಬಂದಿತ್ತು. ನನ್ನ ಜೊತೆ ಮಾತು ತುಳುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. ಜುಲೈಯ ಒಂದು ದಿನ ಅವನು ಲೆಟ್ಯೂಸಿನ ನೀರು ಬದಲಿಸಲಿಲ್ಲವೆಂದು ನಾನು ಹಾರಾಡಿದೆ. ಅವನು ನೀರು ಚೆಲ್ಲಿ ಹೊಸ ನೀರು ತುಂಬಿದ. ಅರ್ಧ ಗಂಟೆಯ ನಂತರ ಗೊತ್ತಾಯಿತು, ಅದಾಗಲೇ ಬದಲಿಸಿದ ನೀರೇ. “ಇರ್ಲಿ ಮೇಡಂ, ನಿಮ್ಮದು ಮಂಡೆ ಬಿಸಿ ಉಂಟು, ಗೊತ್ತುಂಟು ನನಗೆ,” ಎಂದ.

ಎಲಿ ಸರ್ ಅದನ್ನು ನೋಡಿದ್ದರು. ಸಂಜೆ ಬಸ್ಸಿಗೆ ಹೊರಡುವಾಗ ನನ್ನ ಕೈಗೆ ಅಂಗೈಯಗಲದ ಒಂದು ಪುಸ್ತಕ ಕೊಟ್ಟರು. ಒಳಗೆ ಪುಟದ ಮೇಲ್ತುದಿಯಲ್ಲಿ ಅವರ ಕೈಬರಹದ ಒಂದೊಂದು ಪದ, ಕೆಳಗೆ ಬರೀ ಮನೆಗಳು ಎಳೆದಿದ್ದವು, ವಾರಕ್ಕೊಂದು ಪುಟ, ದಿನಕ್ಕೊಂದು ಮನೆ.

“ನನ್ನ ಅಜ್ಜ ಲಿಥುವೇನಿಯಾದ ಸಣ್ಣ ಊರಿನವರು,” ಎಂದರು. “ಅಲ್ಲಿ ಹಿಂದೆ ಕೆಲವರಿಗೆ ಒಂದು ಚಿಂತೆ ಹತ್ತಿತು. ಇಷ್ಟೊಂದು ಶಾಸ್ತ್ರ ಓದುತ್ತೇವೆ, ಆದರೂ ಮನೆಗೆ ಹೋಗಿ ಹೆಂಡತಿಯ ಮೇಲೆ ರೇಗುತ್ತೇವಲ್ಲ, ಯಾಕೆ? ಬಡಗಿ ಮರಗೆಲಸ ಕಲಿಯುವ ಹಾಗೆ ಮನುಷ್ಯ ತನ್ನ ಸ್ವಭಾವವನ್ನೂ ಕೂತು ಕಲಿಯಬೇಕು ಎಂದರು. ಅದಕ್ಕೆ ಮುಸಾರ್ ಎನ್ನುತ್ತಾರೆ. ಹದಿಮೂರು ಗುಣ. ವಾರಕ್ಕೊಂದು. ತಪ್ಪಿದಾಗಲೆಲ್ಲ ಆ ದಿನದ ಮನೆಯಲ್ಲಿ ಒಂದು ಚುಕ್ಕಿ ಇಡು, ಅಷ್ಟೆ.”

“ನಾನು ಕ್ರಿಶ್ಚಿಯನ್, ಸರ್.”

“ಸಿಟ್ಟು ಯಾವ ಜಾತಿ?” ಎಂದು ಕೇಳಿದರು.

ನನಗೆ ಮೊದಲು ಇದು ಕೆಲಸವಿಲ್ಲದವರ ಆಟ ಎನಿಸಿತು. ಆದರೆ ಆ ನೆಲಮಾಳಿಗೆಯಲ್ಲಿ ನನ್ನ ಕೈಯಲ್ಲಿದ್ದದ್ದೇನು? ವೀಸಾ ಕಂಪೆನಿಯ ಕೈಯಲ್ಲಿ, ಪರೀಕ್ಷೆ ಮಗಳ ಕೈಯಲ್ಲಿ, ಬಾಗಿಲ ಕೀಲಿ ಎಲಿ ಸರ್ ಕೈಯಲ್ಲಿ. ಈ ನಾಲಿಗೆಯೊಂದು ಮಾತ್ರ ನನ್ನದು. ಸರಿ, ಹಿಡಿದು ನೋಡುವ ಎಂದುಕೊಂಡೆ. ಮೊದಲ ವಾರ ತಾಳ್ಮೆ. ಶನಿವಾರದ ಹೊತ್ತಿಗೆ ಆ ಪುಟ ಸಿಡುಬು ಬಂದವರ ಮುಖದಂತಾಗಿತ್ತು. ತೋರಿಸಿದರೆ ಎಲಿ ಸರ್ ಖುಷಿಪಟ್ಟರು. “ಇಷ್ಟು ಚುಕ್ಕಿ ಇಟ್ಟಿದ್ದೀಯೆಂದರೆ ಕಣ್ಣು ತೆರೆದಿದೆ ಎಂದರ್ಥ. ಚುಕ್ಕಿಯಿಲ್ಲದ ಪುಟ ತಂದವರನ್ನು ನನ್ನ ಅಜ್ಜ ನಂಬುತ್ತಿರಲಿಲ್ಲ.”

ಆ ಹಳೆಯ ಕಾಲದವರ ಹುಚ್ಚಾಟಗಳನ್ನೂ ಹೇಳುತ್ತಿದ್ದರು. ನಾಚಿಕೆಯ ಭಯ ಬಿಡಿಸಲಿಕ್ಕೆಂದು ಕೆಲವರು ಬೇಕೆಂದೇ ಔಷಧದ ಅಂಗಡಿಗೆ ಹೋಗಿ ಮೊಳೆ ಕೇಳುತ್ತಿದ್ದರಂತೆ. ಜನ ನಕ್ಕರೆ ನಗಲಿ, ನಗಿಸಿಕೊಂಡರೆ ಯಾರೂ ಸಾಯುವುದಿಲ್ಲ ಎಂದು ಮೈಗೆ ಹತ್ತಬೇಕು, ಹಾಗೆ. ನನಗೆ ಇದು ಭಾರೀ ಇಷ್ಟವಾಯಿತು. ರಜೆಯ ದಿನ ಮಗಳ ಜೊತೆ ನೈಫ್ ಪೇಟೆಗೆ ಹೋದವಳು ಒಂದು ಅತ್ತರಿನ ಅಂಗಡಿ ಹೊಕ್ಕು, ಒಣಮೀನು ಉಂಟಾ ಎಂದು ಹಿಂದಿಯಲ್ಲಿ ಕೇಳಿದೆ. ಅಂಗಡಿಯವನು ಕನ್ನಡಕ ತೆಗೆದು ನೋಡಿದ. “ಮಾಫಿ ಮಾಫಿ,” ಇಲ್ಲ ಇಲ್ಲ ಎಂದು ಕೈಯಾಡಿಸಿದ. ಇಬ್ಬರು ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರಗೆ ನಿಂತಿದ್ದ ರಿಯೋನಾ, ನಾನು ಈ ಹೆಂಗಸಿನ ಜೊತೆ ಬಂದವಳೇ ಅಲ್ಲ ಎನ್ನುವ ಹಾಗೆ ದೂರ ನಡೆದುಬಿಟ್ಟಳು. ಕಿವಿ ಬೆಂಕಿಯಾದರೂ ಒಳಗೆ ಒಂಥರಾ ಹಗುರ. ನಾನು ನಾಚಿಕೆಯನ್ನು ಗೆದ್ದೆ ಎಂದು ನಂಬಿಬಿಟ್ಟೆ, ಎಂಥ ಪೆದ್ದಿ!

ಆಗಸ್ಟ್ ಕೊನೆಯ ವಾರದ ಗುಣ ಮೌನ. ಎಲಿ ಸರ್ ಸ್ಪಷ್ಟವಾಗಿಯೇ ಹೇಳಿದ್ದರು, ಮೌನವೆಂದರೆ ಆಡಬೇಡ ಎಂದಲ್ಲ, ಆಡುವ ಮೊದಲು ಯೋಚಿಸು ಎಂದು. ಅಭ್ಯಾಸವೂ ಸುಲಭದ್ದೇ: ಮಾತು ಬಾಯಿಗೆ ಬಂದಾಗ ನಾಲಿಗೆಯನ್ನು ಹಲ್ಲಿಗೆ ಒತ್ತಿ ಮೂರು ಉಸಿರು ಎಣಿಸುವುದು. ಭಾನುವಾರದಿಂದ ಬುಧವಾರದವರೆಗೆ ಒಂದೂ ಚುಕ್ಕಿ ಬಿದ್ದಿರಲಿಲ್ಲ. ಅಡುಗೆಮನೆಯಲ್ಲಿ ಎಲ್ಲರೂ ನನಗೆ ಮೈ ಹುಷಾರಿಲ್ಲವೇ ಎಂದು ಕೇಳುತ್ತಿದ್ದರು.

ಗುರುವಾರ ಮಧ್ಯಾಹ್ನ ನೂರಿಪ್ಪತ್ತು ಜನರ ಔತಣ. ಹನ್ನೊಂದೂವರೆಗೆ ಎಲಿ ಸರ್ ಮಾಂಸದ ಪೆಟ್ಟಿಗೆಗಳ ಮೊಹರು ನೋಡಲು ಮೇಲೆ ಹೋದರು. ವಾಪಸು ಬರುವಾಗ ಸರ್ವಿಸ್ ಲಿಫ್ಟು ನಡುವೆ ಸಿಕ್ಕಿಕೊಂಡಿತು. ಅವರು ಒಳಗೆ, ಫೋನಿಗೆ ಸಿಗ್ನಲ್ ಇಲ್ಲ. ಅದೇ ಹೊತ್ತಿಗೆ ಕಟ್ಟಡದವರು ಅಲಾರಂ ಪರೀಕ್ಷೆಯೆಂದು ಹತ್ತು ನಿಮಿಷ ಗ್ಯಾಸ್ ನಿಲ್ಲಿಸಿದರು. ಎಲ್ಲ ಒಲೆಯೂ ಆರಿತು, ಮೂಲೆಯ ಬರ್ನರ್ ಕೂಡ. ಗ್ಯಾಸ್ ಬಂತು, ಬೆಂಕಿ ಇಲ್ಲ. ದೊಡ್ಡ ಪಾತ್ರೆಗಳಲ್ಲಿ ಅಕ್ಕಿಯೂ ಕೋಳಿಯೂ ಹಸಿಯಾಗಿಯೇ ಕೂತಿದ್ದವು. ಮೇಲಿನಿಂದ ಹೆಡ್ ಶೆಫ್ ಇಂಟರ್‌ಕಾಮ್‌ನಲ್ಲಿ “ಯಲ್ಲಾ, ಯಲ್ಲಾ, ಎಲ್ಲಿಗೆ ಬಂತು?” ಎಂದು ಎರಡು ಸಲ ಕೂಗಿದ. ಉಳಿದವರು ತಟ್ಟೆ ಜೋಡಿಸಲು ಮೇಲಿನ ಔತಣದ ಕೋಣೆಗೆ ಹೋಗಿದ್ದರು. ಕೆಳಗೆ ಇದ್ದದ್ದು ನಾನು ಮತ್ತು ವಸಂತ.

“ಕಾಯುವ ಮೇಡಂ, ಸರ್ ಬರ್ಲಿ,” ಎಂದ ವಸಂತ.

“ಊಟ ತಡ ಆದ್ರೆ ಯಾರ ತಲೆ ಹೋಗುದು? ನನ್ನದು. ಲೈಟರ್ ಕೊಡಿ ಇಲ್ಲಿ.”

ಅವನು ಬೀಡಿ ಸೇದುವವನು, ಲೈಟರ್ ಯಾವಾಗಲೂ ಕಿಸೆಯಲ್ಲಿ. ಕೊಡಲು ಒಂದು ಕ್ಷಣ ತಡೆದ. ನಾನು ಕಸಿದುಕೊಂಡ ಹಾಗೆಯೇ ತೆಗೆದುಕೊಂಡೆ. ಮೂಲೆಯ ಬರ್ನರ್ ಹೊತ್ತಿಸಿದೆ. ಒಲೆ ಹೊತ್ತಿದೊಡನೆ ನನ್ನ ಕೈ ತಾನಾಗಿ ಹಣೆಗೆ, ಎದೆಗೆ, ಭುಜಗಳಿಗೆ ಹೋಗಿ ಶಿಲುಬೆಯ ಗುರುತು ಹಾಕಿತು. ಅಮ್ಮನಿಂದ ಬಂದ ಅಭ್ಯಾಸ. ಶಿರ್ವದ ನಮ್ಮ ಮನೆಯಲ್ಲಿ ಹಾಗೆ ಮಾಡದೆ ಯಾರೂ ಒಲೆಯ ಮೇಲೆ ಪಾತ್ರೆ ಇಡುತ್ತಿರಲಿಲ್ಲ. ಯಹೂದಿಗಳ ಒಲೆಗೆ ನಾನು ಶಿಲುಬೆ ಹಾಕಿದ್ದನ್ನು ಕಂಡು ವಸಂತ “ಅಯ್ಯೋ ದೇವರೇ!” ಎಂದು ನಕ್ಕುಬಿಟ್ಟ. ನಾನೂ ನಕ್ಕೆ. ಲೈಟರನ್ನು ಅವನ ಕೈಗೆ ವಾಪಸು ಕೊಟ್ಟೆ.

ನಲವತ್ತು ನಿಮಿಷದ ನಂತರ ಎಲಿ ಸರ್ ಬಂದರು, ಅಂಗಿಯೆಲ್ಲ ಬೆವರು. ಗ್ಯಾಸ್ ನಿಂತಿದ್ದ ಸುದ್ದಿಯನ್ನು ಲಿಫ್ಟಿನಿಂದ ಬಿಡಿಸಿದವನೇ ಹೇಳಿದ್ದ. ಅಷ್ಟರಲ್ಲಿ ಹೆಡ್ ಶೆಫ್ ಕೂಡ ಇಳಿದು ಬಂದಿದ್ದ, ಔತಣದ ಕೋಣೆಯಿಂದ ಉಳಿದವರೂ. ಎಲಿ ಸರ್ ಮೂಲೆಯ ಬರ್ನರನ್ನು ನೋಡಿದರು. ಕುದಿಯುತ್ತಿದ್ದ ಅನ್ನವನ್ನು ನೋಡಿದರು. ಎಲ್ಲರೆದುರು ಕೇಳಿದರು, “ಇದನ್ನು ಹೊತ್ತಿಸಿದ್ದು ಯಾರು?”

ವಸಂತ ನನ್ನತ್ತ ನೋಡಿದ. ದೂರು ಹೇಳುವ ನೋಟವಲ್ಲ ಅದು, ಹೇಳಿ ಮೇಡಂ ಎನ್ನುವ ನೋಟ. ನಾನು ನಾಲಿಗೆಯನ್ನು ಹಲ್ಲಿಗೆ ಒತ್ತಿ ಮೂರು ಉಸಿರು ಎಣಿಸಿದೆ. ಒಂದು, ರಿಯೋನಾಳ ಪರೀಕ್ಷೆ. ಎರಡು, ಎರಡು ಲೆಟರ್. ಮೂರು ಎಣಿಸುವಷ್ಟರಲ್ಲಿ ಶೆಫ್ ವಸಂತನ ಕಿಸೆಯಿಂದ ಲೈಟರ್ ಎತ್ತಿದ್ದ. “ನಾನಲ್ಲ ಶೆಫ್,” ಎಂದ ವಸಂತ. ಮತ್ತೆ ನನ್ನತ್ತ ನೋಡಿದ. ನಾನು ನನ್ನ ಚಪ್ಪಲಿ ನೋಡಿದೆ. ಜನ್ಮವೆಲ್ಲ ಬೇಡದ ಕಡೆ ಬಡಬಡಿಸಿದ ಬಾಯಿ ಬೇಕಾದ ದಿನ ಬೀಗ ಹಾಕಿಕೊಂಡು ಕೂತಿತು.

ಅಡುಗೆಯೆಲ್ಲ ಸ್ಟಾಫ್ ಕ್ಯಾಂಟೀನಿಗೆ ಹೋಯಿತು. ಅತಿಥಿಗಳು ಹಣ್ಣು, ಸಲಾಡ್, ತಣ್ಣನೆಯ ಮೀನು ತಿಂದು ಎದ್ದರು. ಶೆಫ್‌ಗೆ ಒಂದು ತಲೆ ಬೇಕಿತ್ತು. ಶನಿವಾರ ವಸಂತನನ್ನು, ಅವನನ್ನು ಹೋಟೆಲಿಗೆ ಕೊಟ್ಟಿದ್ದ ಲೇಬರ್ ಕಂಪೆನಿಗೆ ವಾಪಸು ಕಳಿಸಿದರು. ಅವರು ಅವನನ್ನು ಅಬುಧಾಬಿಯ ಮುಸಫ್ಫಾದ ಒಂದು ಲಾಂಡ್ರಿಗೆ ಹಾಕಿದರು. ಹದಿನಾಲ್ಕು ವರ್ಷದ ಕುಕ್, ಈಗ ಬೆಡ್‌ಶೀಟ್ ಇಸ್ತ್ರಿ. ಹೋಗುವಾಗ ತನ್ನ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಪಕ್ಕದಲ್ಲೇ ಹಾದುಹೋದ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಆ ಸಂಜೆ ಬಸ್ಸಿನಲ್ಲಿ ಅಭ್ಯಾಸಬಲದಿಂದ ಪುಸ್ತಕ ತೆಗೆದೆ. ಮೌನದ ವಾರ, ಏಳು ಮನೆ. ಒಂದರಲ್ಲೂ ಚುಕ್ಕಿ ಇಲ್ಲ. ಮುಂದಿನ ಪುಟ ತಿರುಗಿಸಿದರೆ ಮೇಲೆ ಎಲಿ ಸರ್ ಅಕ್ಷರದಲ್ಲಿ ಬರೆದಿತ್ತು: ಸತ್ಯ. ಪುಸ್ತಕ ಮುಚ್ಚಿ ಚೀಲದ ತಳಕ್ಕೆ ತುರುಕಿದೆ.

ನಾನು ಸುಮ್ಮನೆ ಕೂತವಳೇನಲ್ಲ. ಇಗರ್ಜಿಗೆ ಹೋಗಿ ಪಾಪನಿವೇದನೆ ಮಾಡಿದೆ. ಪಾದ್ರಿಗಳು ಕ್ಷಮೆಯ ಮಾತು ಹೇಳಿದರು. ಜೊತೆಗೆ, ಆ ಮನುಷ್ಯನಿಗೆ ಆದ ಅನ್ಯಾಯವನ್ನು ನೀನೇ ಸರಿಪಡಿಸಬೇಕು ಎಂದೂ ಹೇಳಿದರು. ನನ್ನ ಕಿವಿ ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಅಲ್ಲೇ ಬಿಟ್ಟು ಬಂತು. ಎಲಿಯಾಸ್‌ಗೆ ಹೇಳಿದರೆ, “ಮಾರ್ಚ್‌ವರೆಗೆ ಬಾಯಿ ಮುಚ್ಚಿಕೊಂಡಿರು ಮಾರಾಯ್ತಿ, ನಮ್ಮ ಹುಡುಗಿಯ ಬದುಕು ಉಂಟು,” ಎಂದ. ಬಾಗಿಲು ಇರುವ ಕಡೆಯೆಲ್ಲ ನಾನೇ ಗೋಡೆ ಕಟ್ಟುತ್ತಿದ್ದೆ. ಮಗಳು ನಗುತ್ತ ಮಾತಾಡಿದರೂ ನನಗೆ ಸಿಟ್ಟು. ಅವಳ ಪುಸ್ತಕದ ರಾಶಿ ಕಂಡರೆ, ಇದಕ್ಕಾಗಿಯಲ್ಲವೇ ಎಂದು ಮುಖ ತಿರುಗಿಸಿಬಿಡುತ್ತಿದ್ದೆ. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ.

ಯಹೂದಿಗಳ ವರ್ಷದ ದೊಡ್ಡ ಉಪವಾಸದ ಮುಂಚೆ ಒಂದು ಪದ್ಧತಿಯಿದೆ. ಮನುಷ್ಯನಿಗೆ ಮಾಡಿದ ತಪ್ಪನ್ನು ದೇವರು ಕ್ಷಮಿಸುವುದಿಲ್ಲ, ಆ ಮನುಷ್ಯನ ಬಳಿಯೇ ಹೋಗಿ ಕೇಳಬೇಕು. ಎಲಿ ಸರ್ ಆ ದಿನಗಳಲ್ಲಿ ಅಡುಗೆಮನೆಯ ಒಬ್ಬೊಬ್ಬರ ಹತ್ತಿರವೂ ಹೋಗಿ ಕೇಳಿದರು. ನಾನು ಸೊಪ್ಪು ನೋಡುತ್ತಿದ್ದಾಗ ನನ್ನ ಬಳಿ ಬಂದರು.

“ಹಿಲ್ಡಾ, ಆ ಗುರುವಾರ ಎಲ್ಲರೆದುರು ನಿಂತು ಯಾರು ಎಂದು ಕೇಳಿದೆನಲ್ಲ, ಅದು ತಪ್ಪು. ನಾಲ್ಕು ಜನರ ಮುಂದೆ ಒಬ್ಬನ ಮುಖ ಬಾಡಿಸುವುದು ನಮ್ಮಲ್ಲಿ ಬಹಳ ದೊಡ್ಡ ಪಾಪ. ಒಬ್ಬೊಬ್ಬರನ್ನೇ ಕರೆದು ಕೇಳಬೇಕಿತ್ತು. ಸತ್ಯ ಹೇಳುವುದನ್ನು ನಾನು ಕಷ್ಟ ಮಾಡಿಬಿಟ್ಟೆ. ನನ್ನನ್ನು ಕ್ಷಮಿಸುತ್ತೀಯಾ?”

ಹೇಳಲಿಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಭೂಮಿಯ ಮೇಲೆ ಇರಲಿಲ್ಲ. ಶೆಫ್ ಇಲ್ಲ, ಯಾರೂ ಇಲ್ಲ, ಎದುರಿಗೆ ಆ ಮುದುಕ ಮಾತ್ರ. “ಪರವಾಗಿಲ್ಲ ಸರ್,” ಎಂದೆ ನಾನು. ನಾನು ಅವರನ್ನು ಕ್ಷಮಿಸಿದೆ!

ತಲೆ ತಗ್ಗಿಸಿಕೊಂಡೇ ಒಂದು ಪ್ರಶ್ನೆ ಕೇಳಿದೆ. “ಕೇಳಿದರೂ ಆ ಮನುಷ್ಯ ಕ್ಷಮಿಸದಿದ್ದರೆ?”

“ಮೂರು ಸಲ ಹೋಗಬೇಕು, ನಿಜವಾದ ಮನಸ್ಸಿನಿಂದ,” ಎಂದರು. “ಮೂರು ಸಲವೂ ಒಲ್ಲೆ ಎಂದರೆ ನಿನ್ನ ಪಾಲಿನದು ಮುಗಿಯಿತು.” ನನ್ನ ಮುಖ ನೋಡಿದರು. ಅವರಿಗೆ ಗೊತ್ತಿತ್ತೋ ಏನೋ. ಹಬ್ಬಗಳು ಮುಗಿದ ಮೇಲೆ ಅವರ ಅವಧಿಯೂ ಮುಗಿದು ಊರಿಗೆ ಹೋದರು, ಬೇರೊಬ್ಬರು ಬಂದರು.

ನವೆಂಬರಿನ ಒಂದು ರಜೆಯ ದಿನ ಬಸ್ಸು ಹತ್ತಿ ಅಬುಧಾಬಿಗೆ ಹೋದೆ. ಮುಸಫ್ಫಾದ ಲಾಂಡ್ರಿಯ ಹಿಂಬಾಗಿಲಲ್ಲಿ ವಸಂತ ಬಂದು ನಿಂತ. ಹಬೆಯಲ್ಲಿ ನಿಂತು ನಿಂತು ಮುಖ ಊದಿಕೊಂಡಿತ್ತು, ಬೆರಳುಗಳ ಮೇಲೆ ಸುಟ್ಟ ಗೆರೆಗಳು. ನಾನು ತಂದಿದ್ದ ಬಾಳೆಹಣ್ಣಿನ ಹಲ್ವದ ಡಬ್ಬಿಯನ್ನು ಮುಟ್ಟಲಿಲ್ಲ.

“ತಪ್ಪಾಯಿತು ವಸಂತ. ಕ್ಷಮಿಸಬೇಕು.”

“ಎಂತಕ್ಕೆ ಇಲ್ಲಿವರೆಗೆ ಬಂದ್ರಿ ಮೇಡಂ? ಇಲ್ಲಿ ಯಾರಿಗೂ ಗೊತ್ತಿಲ್ಲ ನಾನು ಎಂತ ಮಾಡಿದ್ದು, ಮಾಡದ್ದು ಅಂತ. ನನ್ನ ಹೆಸರು ಹಾಳಾದ್ದು ಅಲ್ಲಿ. ಅಲ್ಲಿ ಹೇಳಿ. ಅಷ್ಟೂ ಜನರ ಎದುರು ಹೇಳಿ. ಹೇಳಿ ಆದ ಮೇಲೆ ನನಗೆ ಫೋನ್ ಮಾಡಿ.”

“ಮಗಳ ಪರೀಕ್ಷೆ...”

“ನನಗೂ ಮಗಳು ಉಂಟು ಮೇಡಂ,” ಎಂದ. “ಅವಳಿಗೆ ಕೂಡ ಪರೀಕ್ಷೆ ಉಂಟು.” ಬಾಗಿಲು ಹಾಕಿಕೊಂಡ.

ತಿಂಗಳುಗಟ್ಟಲೆ ಒಟ್ಟಿಗೆ ಕೆಲಸ ಮಾಡಿದ್ದೆ, ಅವನ ಮಗಳ ಬಗ್ಗೆ ಒಂದು ದಿನವೂ ಕೇಳಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ನಾಳೆಯೇ ಹೇಳುತ್ತೇನೆ ಎಂದುಕೊಂಡೆ. ನಾಳೆ ಬಂತು. ಡಿಸೆಂಬರ್ ಬಂತು. ಚಳಿ ಬಿದ್ದು ಊರೆಲ್ಲ ಪಾರ್ಕಿನಲ್ಲಿ ಕೂತು ಬಾರ್ಬೆಕ್ಯೂ ಹಚ್ಚಿತು. ನಾನು ಬೆಳಿಗ್ಗೆ ಎದ್ದು ಆ ಬರ್ನರಿನ ಎದುರು ನಿಲ್ಲುತ್ತಿದ್ದೆ. ಹೊಸ ಮೇಲ್ವಿಚಾರಕರು ಅದನ್ನು ಹೊತ್ತಿಸುವಾಗ ನನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿರುತ್ತಿದ್ದೆ.

ಮಾರ್ಚ್‌ನಲ್ಲಿ ರಿಯೋನಾ ಕೊನೆಯ ಪರೀಕ್ಷೆ ಬರೆದು ಬಂದು ಬ್ಯಾಗು ಎಸೆದು ಕುಣಿದಳು. ಮರುದಿನ ಬೆಳಗಿನ ಬ್ರೀಫಿಂಗ್‌ನಲ್ಲಿ, ಎಲ್ಲರೂ ಸಾಲಾಗಿ ನಿಂತಾಗ, ನಾನು ಕೈಯೆತ್ತಿದೆ. ಆಗಸ್ಟ್‌ನಲ್ಲಿ ಒಲೆ ಹೊತ್ತಿಸಿದವಳು ನಾನು, ವಸಂತ ಅಲ್ಲ, ಅವನು ಬೇಡ ಎಂದಿದ್ದ ಎಂದೆ. ಧ್ವನಿ ನಡುಗಲಿಲ್ಲ. ನಡುಗಲು ಏನಿತ್ತು? ಸಾಲಿನಲ್ಲಿ ಅರ್ಧ ಜನ ಹೊಸಬರು. ವಸಂತ ಯಾರೆಂದೇ ಅವರಿಗೆ ಗೊತ್ತಿಲ್ಲ. ಶೆಫ್ ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಂಡ. “ಓ, ಅದಾ? ಖಲಾಸ್ ಹಿಲ್ಡಾ, ಹಳೇ ಕಥೆ. ಇವತ್ತಿನ ಮೆನು ನೋಡಿ,” ಎಂದ. ಮೂರನೆಯ ಲೆಟರ್ ಬರಲೇ ಇಲ್ಲ. ಆಗಸ್ಟ್‌ನಲ್ಲೇ ಹೇಳಿದ್ದರೆ ಬರುತ್ತಿತ್ತೋ ಇಲ್ಲವೋ, ಅದು ನನಗೆ ಇನ್ನೆಂದೂ ಗೊತ್ತಾಗುವುದಿಲ್ಲ.

ಅದೇ ದಿನ ಸಂಜೆ ವಸಂತನಿಗೆ ಫೋನ್ ಮಾಡಿದೆ. ಅವನು ಲಾಂಡ್ರಿ ಬಿಟ್ಟು ಊರು ಸೇರಿ ಒಂದು ತಿಂಗಳಾಗಿತ್ತು.

“ಹೇಳಿದೆ ವಸಂತ. ಎಲ್ಲರ ಎದುರು ಹೇಳಿದೆ. ಈಗಲಾದರೂ ಕ್ಷಮಿಸಬೇಕು.”

“ಹೌದಾ? ಯಾವಾಗ?”

“ಇವತ್ತು ಬೆಳಿಗ್ಗೆ.”

ಹಿಂದಿನಿಂದ ಕಾಗೆಯೊಂದರ ಕೂಗು.

“ಮಗಳ ಪರೀಕ್ಷೆ ಎಂತಾಯ್ತು ಮೇಡಂ?”

“ನಿನ್ನೆ ಮುಗಿಯಿತು.”

ವಸಂತ ನಕ್ಕ. ನಾನು ಒಲೆಗೆ ಶಿಲುಬೆ ಹಾಕಿದ ದಿನ ನಕ್ಕ ನಗುವಲ್ಲ. “ಲಾಯ್ಕಾಯ್ತು,” ಎಂದು ಫೋನ್ ಇಟ್ಟ.

ಮೊನ್ನೆ ಸೊಪ್ಪು ತೊಳೆದಾದ ಮೇಲೆ ರಿಯೋನಾ ಚಾಕು ಹುಡುಕಲು ಡ್ರಾವರ್ ಎಳೆದಳು. ತಳದಲ್ಲಿದ್ದ ಆ ಸಣ್ಣ ಪುಸ್ತಕ ಅವಳ ಕೈಗೆ ಸಿಕ್ಕಿತು. ಪುಟ ತಿರುಗಿಸಿ, ಚುಕ್ಕಿಗಳೆಂದರೆ ಏನೆಂದು ಕೇಳಿದಳು. ನಾನು ತಪ್ಪಿದ್ದರ ಲೆಕ್ಕ ಎಂದೆ. ಅವಳು ನಗುತ್ತ ಎಣಿಸತೊಡಗಿದಳು, ಆಮೇಲೆ ಒಂದು ಪುಟದಲ್ಲಿ ನಿಂತಳು.

“ವಾವ್ ಮಮ್ಮಾ! ದಿಸ್ ವೀಕ್ ಯು ವರ್ ಪರ್ಫೆಕ್ಟ್!”

ಅವಳಿಗೆ ಎಂದಾದರೂ ಹೇಳಬೇಕು. ಹೇಳಿದರೆ ಅವಳ ಪರೀಕ್ಷೆಗಾಗಿ ಒಬ್ಬ ಮನುಷ್ಯನ ಹದಿನಾಲ್ಕು ವರ್ಷ ಹೋಯಿತೆಂಬ ಭಾರ ಅವಳ ತಲೆಗೆ. ಹೇಳದಿದ್ದರೆ ಇನ್ನೊಂದು ಚುಕ್ಕಿಯಿಲ್ಲದ ಪುಟ. ಪುಸ್ತಕ ಇಸಿದುಕೊಂಡು ಡ್ರಾವರ್ ಮುಚ್ಚಿದೆ.

ವಸಂತನ ನಂಬರ್ ಫೋನಿನಲ್ಲಿ ಹಾಗೇ ಉಂಟು. ಎರಡು ಸಲ ಕೇಳಿಯಾಗಿದೆ. ಮೂರನೆಯ ಸಲ ಕೇಳಿದರೆ, ಅವನು ಒಲ್ಲೆ ಎಂದರೂ, ಎಲಿ ಸರ್ ಹೇಳಿದ ಲೆಕ್ಕದಲ್ಲಿ ನನಗೆ ಬಿಡುಗಡೆ. ಅದಕ್ಕೇ ನಾನು ಇನ್ನೂ ಕೇಳಿಲ್ಲ.